ಸಕ್ಕರೆ ಕಾಯಿಲೆಯ ತಿಂಗಳ ಲೆಕ್ಕ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ನಿಂತು ಈ ಮೇಷ್ಟ್ರು ಕಾಯಿಲೆಯ ಬಗ್ಗೆ ಯಾಕೆ ಮಾತನಾಡುತ್ತಿದ್ದಾರೆ ಎಂದು ತಮಗೆ ಅನ್ನಿಸಬಹುದು. ನಾನು ಡಾಕ್ಟರ್ ಅಲ್ಲ. ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕ. ಆದರೆ ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುವವನಿಗೆ ಕೆಲವು ವಿಷಯಗಳು ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತವೆ. ಮಗು ಯಾವಾಗಿನಿಂದ ಶಾಲೆಗೆ ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಎಂದು ವಿಚಾರಿಸುತ್ತಾ ಹೋದರೆ, ಎಷ್ಟೋ ಸಲ ದಾರಿ ಹೋಗಿ ಮುಟ್ಟುವುದು ಮೆಡಿಕಲ್ ಶಾಪಿನ ಚೀಟಿಗೆ. ಆ ಚೀಟಿಯಲ್ಲಿ ಈಗ ಹೆಚ್ಚಾಗಿ ಕಾಣುವ ಕಾಯಿಲೆ ಸಕ್ಕರೆ ಕಾಯಿಲೆ. ಕನ್ನಡದಲ್ಲಿ ಮಧುಮೇಹ ಎನ್ನುತ್ತೇವೆ, ಉರ್ದು ಪುಸ್ತಕದಲ್ಲಿ ಜಿಯಾಬೆತೀಸ್ ಎಂದಿರುತ್ತದೆ, ನಮ್ಮ ಓಣಿಯಲ್ಲಿ 'ಶುಗರ್ ಬಂದೈತಿ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇದು ಶ್ರೀಮಂತರ ಕಾಯಿಲೆ ಎಂದು ಹಿಂದೆ ಹೇಳುತ್ತಿದ್ದರು. ಆ ಮಾತು ಈಗ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರಲ್ಲಿ ಹಮಾಲಿ ಮಾಡುವವರಿದ್ದಾರೆ, ಗಾರೆ ಕೆಲಸದವರಿದ್ದಾರೆ, ಟೇಲರ್ ಇದ್ದಾರೆ, ಸಂತೆಯಲ್ಲಿ ಕೂತು ವ್ಯಾಪಾರ ಮಾಡುವ ನಮ್ಮ ತಾಯಂದಿರಿದ್ದಾರೆ.

ನನ್ನ ವಿದ್ಯಾರ್ಥಿನಿಯೊಬ್ಬಳ ಮಾತು ಹೇಳುತ್ತೇನೆ. ಹೆಸರು ಬೇಡ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡಿದ್ದಳು, ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಇತ್ತು. ಕಾಲೇಜು ಶುರುವಾದರೂ ಸೇರಿರಲಿಲ್ಲ. ಮನೆಗೆ ಹೋಗಿ ಕೇಳಿದೆ. 'ಓದಿಸಬಾರದು ಅಂತಲ್ಲ ಸಾರ್, ಇವಳ ಅಬ್ಬಾಗೆ ಇನ್ಸುಲಿನ್ ಶುರುವಾಗೈತಿ' ಎಂದರು ತಾಯಿ. ಆ ಹುಡುಗಿ ತನ್ನ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಿಂಗಳ ಖರ್ಚು ಬರೆದಿಟ್ಟಿದ್ದಳು. ನಾವಿಬ್ಬರೂ ಕೂತು ಕೂಡಿಸಿದೆವು. ಅಂಗಡಿಯಿಂದ ಅಂಗಡಿಗೆ, ಕಂಪನಿಯಿಂದ ಕಂಪನಿಗೆ ದರ ಬೇರೆ ಬೇರೆ ಇರುತ್ತದೆ. ಆದ್ದರಿಂದ ಅವಳ ಹಾಳೆಯಲ್ಲಿದ್ದ ಲೆಕ್ಕವನ್ನು ಒಂದು ಉದಾಹರಣೆ ಎಂದು ಮಾತ್ರ ತೆಗೆದುಕೊಳ್ಳಿ. ವಿದ್ಯಾರ್ಥಿಗಳೇ, ನೀವೂ ನನ್ನ ಜೊತೆ ಲೆಕ್ಕ ಹಾಕಿ.

ಅವಳ ತಂದೆಗೆ ಬೆಳಿಗ್ಗೆ 16 ಯೂನಿಟ್, ರಾತ್ರಿ 10 ಯೂನಿಟ್ ಇನ್ಸುಲಿನ್. ದಿನಕ್ಕೆ 26, ತಿಂಗಳಿಗೆ 780 ಯೂನಿಟ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂ.ಎಲ್. ಬಾಟಲಿಯಲ್ಲಿ ಎಂ.ಎಲ್.ಗೆ 40ರಂತೆ 400 ಯೂನಿಟ್ ಇರುತ್ತದೆ. ಎರಡು ಬಾಟಲಿ ಬೇಕು. ಒಂದಕ್ಕೆ 170 ರೂಪಾಯಿಯಂತೆ 340 ರೂಪಾಯಿ. ದಿನಕ್ಕೆ ಎರಡರಂತೆ 60 ಸಿರಿಂಜು, ಒಂದಕ್ಕೆ 8 ರೂಪಾಯಿಯಾದರೆ 480. ಮನೆಯಲ್ಲಿ ದಿನಕ್ಕೊಮ್ಮೆ ಶುಗರ್ ನೋಡಲು 30 ಸ್ಟ್ರಿಪ್, ಒಂದಕ್ಕೆ 20 ರೂಪಾಯಿಯಂತೆ 600. ಬೆರಳು ಚುಚ್ಚುವ ಸೂಜಿಗೆ 60. ಊಟದ ಜೊತೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮಾತ್ರೆಗೆ 120. ತಿಂಗಳಿಗೊಮ್ಮೆ ಬಸ್ ಚಾರ್ಜು, ಡಾಕ್ಟರ್ ಫೀಸು ಸೇರಿ 300. ಒಟ್ಟು 1,900 ರೂಪಾಯಿ.

ದೊಡ್ಡ ಮೊತ್ತವೇನಲ್ಲ ಎಂದು ಸಂಬಳದವರಿಗೆ ಅನ್ನಿಸಬಹುದು. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಆ ಅಳತೆಯಲ್ಲಿ 1,900 ಎಂದರೆ ತಿಂಗಳಲ್ಲಿ ಐದು ದಿನದ ದುಡಿಮೆ. ವರ್ಷಕ್ಕೆ 22,800 ರೂಪಾಯಿ, ಅಂದರೆ ಎರಡು ತಿಂಗಳ ಕೂಲಿ. ಈ ಎರಡು ತಿಂಗಳು ಆ ಮನುಷ್ಯ ಮನೆಗಾಗಿ ದುಡಿಯುವುದಿಲ್ಲ, ತನ್ನ ಕಾಯಿಲೆಗಾಗಿ ದುಡಿಯುತ್ತಾನೆ. ಅದೂ ಒಂದು ವರ್ಷಕ್ಕಲ್ಲ, ಬದುಕಿರುವವರೆಗೆ.

ಈಗ ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಜೀವ ಉಳಿಸುವ ಔಷಧಿ ಇನ್ಸುಲಿನ್. ಅದಕ್ಕೆ ಆದ ಖರ್ಚು 340 ರೂಪಾಯಿ, ಒಟ್ಟು ಖರ್ಚಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಸಿರಿಂಜು, ಸ್ಟ್ರಿಪ್, ಸೂಜಿ ಈ ಮೂರಕ್ಕೇ 1,140 ರೂಪಾಯಿ. ಅಂದರೆ ನಮ್ಮ ಬಡವರನ್ನು ಹಣ್ಣು ಮಾಡುತ್ತಿರುವುದು ಔಷಧಿಗಿಂತ ಹೆಚ್ಚಾಗಿ ಔಷಧಿಯ ಸುತ್ತಲಿನ ಸಣ್ಣ ಪುಟ್ಟ ಸಾಮಾನು. ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಮಾತನ್ನೇ.

ಇನ್ಸುಲಿನ್ ಕಥೆ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಕೆನಡಾ ದೇಶದ ಟೊರೊಂಟೊದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇದನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಚುಚ್ಚಿದರು. ಅದಕ್ಕೆ ಮುಂಚೆ ಆ ವಯಸ್ಸಿನ ಮಕ್ಕಳಿಗೆ ಈ ಕಾಯಿಲೆ ಬಂದರೆ ಸಾವೇ ಗತಿಯಾಗಿತ್ತು. ಸಂಶೋಧಕರು ತಮ್ಮ ಹಕ್ಕುಪತ್ರವನ್ನು 1923ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಔಷಧಿ ಎಲ್ಲರ ಕೈಗೂ ಎಟುಕಬೇಕು ಎಂಬುದು ಅವರ ಆಶಯವಾಗಿತ್ತು. ನೂರು ವರ್ಷ ದಾಟಿದೆ. ನಮ್ಮ ದೇಶದಲ್ಲಿ ಸಾಮಾನ್ಯ ಇನ್ಸುಲಿನ್ ಬಾಟಲಿಗೆ ಸರ್ಕಾರ ಗರಿಷ್ಠ ಬೆಲೆ ಗೊತ್ತುಮಾಡಿದೆ, ಆದ್ದರಿಂದ ಅದು ಅಷ್ಟಿಷ್ಟು ಹಿಡಿತದಲ್ಲಿದೆ. ಸ್ಟ್ರಿಪ್ ವ್ಯಾಪಾರದ ರೀತಿಯೇ ಬೇರೆ. ಶುಗರ್ ನೋಡುವ ಯಂತ್ರವನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ಒಮ್ಮೊಮ್ಮೆ ಪುಕ್ಕಟೆಯಾಗಿಯೂ ಕೊಡುತ್ತಾರೆ. ಆದರೆ ಒಂದು ಕಂಪನಿಯ ಯಂತ್ರಕ್ಕೆ ಅದೇ ಕಂಪನಿಯ ಸ್ಟ್ರಿಪ್ ಬೇಕು. ಯಂತ್ರ ಮನೆಗೆ ಬಂದ ದಿನವೇ ಸ್ಟ್ರಿಪ್ ಅಂಗಡಿಗೆ ಕಾಯಂ ಗಿರಾಕಿ ಸಿಕ್ಕಂತೆ.

ಕೈಯಲ್ಲಿ ದುಡ್ಡು ಕಡಿಮೆಯಾದಾಗ ಮನೆಯವರು ಮೊದಲು ಕಡಿಯುವುದು ಯಾವುದನ್ನು? ಸ್ಟ್ರಿಪ್ಪನ್ನು. ಯಂತ್ರ ಅಲಮಾರಿನಲ್ಲಿರುತ್ತದೆ, ಸ್ಟ್ರಿಪ್ ಇರುವುದಿಲ್ಲ. ಆಮೇಲೆ ಒಂದೇ ಸಿರಿಂಜನ್ನು ವಾರಗಟ್ಟಲೆ ಬಳಸುತ್ತಾರೆ. ಕೊನೆಗೆ ಇನ್ಸುಲಿನ್ನಿಗೇ ಕೈ ಹಾಕುತ್ತಾರೆ. 16 ಯೂನಿಟ್ ಇದ್ದದ್ದು 10 ಆಗುತ್ತದೆ, ಎರಡು ಹೊತ್ತಿನದು ಒಂದು ಹೊತ್ತಾಗುತ್ತದೆ. ಶುಗರ್ ನೋಡದೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಕತ್ತಲೆಯಲ್ಲಿ ಸೈಕಲ್ ಹೊಡೆದಂತೆ. ಶುಗರ್ ತೀರಾ ಇಳಿದರೆ ಮನುಷ್ಯ ಕೂತಲ್ಲೇ ಬಿದ್ದುಹೋಗುತ್ತಾನೆ. ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಸದ್ದಿಲ್ಲದೆ ಹಾಳಾಗುತ್ತವೆ. ಕಾಲಿನ ಸ್ಪರ್ಶವೇ ಹೋದವನಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಹುಣ್ಣಾದ ಮೇಲೆ ಗೊತ್ತಾಗುತ್ತದೆ.

ಆಗ ದಾವಣಗೆರೆಗೆ ಓಡುತ್ತೇವೆ. ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಬೋರ್ಡಿನ ಮೇಲೆ ಜಿಲ್ಲೆಯ ಹೆಸರು ಬದಲಾದರೂ ಅರಸೀಕೆರೆಯ ರೋಗಿ ಹತ್ತುವ ಬಸ್ಸು ಮಾತ್ರ ದಾವಣಗೆರೆಯದೇ. ಅಲ್ಲಿಯ ಜಿಲ್ಲಾಸ್ಪತ್ರೆಗೆ ನಮ್ಮ ತಾಲ್ಲೂಕಿನ ಚಿಗಟೇರಿಯ ಹೆಸರೇ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಗೆ ಅವಕಾಶವಿದೆ. ಇದು ದೊಡ್ಡ ಉಪಕಾರ, ಕಾರ್ಡು ಮಾಡಿಸದವರು ಇಂದೇ ಮಾಡಿಸಿರಿ. ಆದರೆ ಆ ಯೋಜನೆ ಇರುವುದು ಆಸ್ಪತ್ರೆಗೆ ದಾಖಲಾಗುವಂಥ ದೊಡ್ಡ ಚಿಕಿತ್ಸೆಗೆ. ಕಾಲು ಕೊಳೆತ ಮೇಲೆ ಆಪರೇಷನ್ನಿಗೆ ಕಾರ್ಡು ನಡೆಯುತ್ತದೆ, ಕಾಲು ಕೊಳೆಯದಂತೆ ನೋಡಿಕೊಳ್ಳಲು ಬೇಕಾದ 20 ರೂಪಾಯಿ ಸ್ಟ್ರಿಪ್ಪಿಗೆ ನಡೆಯುವುದಿಲ್ಲ. ಜೊತೆಗೆ ಹೋದವರ ಊಟ, ಬಸ್ಸು, ಕಳೆದುಹೋದ ಕೂಲಿ ಇವುಗಳಿಗೂ ಕಾರ್ಡಿಲ್ಲ.

ಹಾಗಾದರೆ ಏನು ಮಾಡಬೇಕು? ಬರೀ ದುಃಖ ತೋಡಿಕೊಳ್ಳಲು ನಾನು ಇಲ್ಲಿ ನಿಂತಿಲ್ಲ. ಖರ್ಚನ್ನು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಲೇಬಾರದು ಎಂದು ಬಿಡಿಸಿ ನೋಡೋಣ.

ಮೊದಲನೆಯದು ಸರ್ಕಾರಿ ಆಸ್ಪತ್ರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಅಸಾಂಕ್ರಾಮಿಕ ರೋಗಗಳಿಗೆ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯ ಎನ್.ಸಿ.ಡಿ. ವಿಭಾಗದಲ್ಲಿ ರಕ್ತಪರೀಕ್ಷೆ ಮತ್ತು ಮಾತ್ರೆ ಉಚಿತ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಪರೀಕ್ಷಿಸುತ್ತಾರೆ. ಅವರು ಬಂದಾಗ 'ನಮಗೇನೂ ಇಲ್ಲಮ್ಮಾ' ಎಂದು ಬಾಗಿಲು ಹಾಕಿಕೊಳ್ಳಬೇಡಿ. ಇನ್ಸುಲಿನ್ ಬೇಕಾದವರು ಅದನ್ನೂ ಕೇಳಿರಿ. ಒಂದು ದಿನ ದಾಸ್ತಾನು ಇಲ್ಲದಿದ್ದರೆ ಮುಂದಿನ ಸಲಕ್ಕೆ ತರಿಸಲು ವೈದ್ಯಾಧಿಕಾರಿಗಳಿಗೆ ಮನವಿ ಕೊಡಿ. ಒಬ್ಬರೇ ಹೋಗಿ ಕೇಳಿದರೆ ಅದು ಒಬ್ಬ ರೋಗಿಯ ಮಾತು. ಹತ್ತು ಮನೆಯವರ ಹೆಸರು ಬರೆದು ಕೊಟ್ಟರೆ ಅದು ಊರಿನ ಬೇಡಿಕೆ.

ಎರಡನೆಯದು ಮಾತ್ರೆಯ ಹೆಸರು. ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತದೆ. 2008ರಲ್ಲಿ ಶುರುವಾದ ಜನೌಷಧಿ ಮಳಿಗೆಗಳಲ್ಲಿ ಅದೇ ಔಷಧಿ ಮೂಲ ಹೆಸರಿನಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಹೊಸ ಔಷಧಿಗೆ ಕೆಲವು ವರ್ಷ ಪೇಟೆಂಟ್ ಇರುತ್ತದೆ, ಅಲ್ಲಿಯವರೆಗೆ ಬೆಲೆ ಮೇಲಿರುತ್ತದೆ. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರಲ್ಲಿ, ಸಿಟಾಗ್ಲಿಪ್ಟಿನ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಮುಗಿದ ಮೇಲೆ ಹಲವು ಕಂಪನಿಗಳು ಅದನ್ನೇ ತಯಾರಿಸಿ ಬೆಲೆ ತುಂಬಾ ಇಳಿದಿದೆ. ಆದರೆ ನಿಮ್ಮ ಚೀಟಿ ಹಳೆಯದಾಗಿದ್ದರೆ ನೀವು ಹಳೆಯ ದುಬಾರಿ ಹೆಸರಿನದನ್ನೇ ಕೊಳ್ಳುತ್ತಿರಬಹುದು. ಚೀಟಿ ತೆಗೆದುಕೊಂಡು ಹೋಗಿ 'ಇದರಲ್ಲೇ ಕಡಿಮೆ ಬೆಲೆಯದು ಬರೆದುಕೊಡಿ ಡಾಕ್ಟರೇ' ಎಂದು ಕೇಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಡಾಕ್ಟರನ್ನು ಕೇಳದೆ ನೀವಾಗಿಯೇ ಬದಲಾಯಿಸಬೇಡಿ, ನಿಲ್ಲಿಸಲೂಬೇಡಿ.

ಮೂರನೆಯದು ಸ್ಟ್ರಿಪ್. ಶುಗರ್ ಇದ್ದವರೆಲ್ಲರೂ ದಿನಾ ಬೆರಳು ಚುಚ್ಚಿಕೊಳ್ಳಬೇಕಾಗಿಲ್ಲ. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಒಂದರಲ್ಲೇ ಶುಗರ್ ಹಿಡಿತದಲ್ಲಿರುವವರಿಗೆ ದಿನನಿತ್ಯದ ಪರೀಕ್ಷೆಯಿಂದ ಹೆಚ್ಚಿನ ಲಾಭವಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಅವರಿಗೆ ಮೂರು ಅಥವಾ ಆರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಮುಖ್ಯ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಶುಗರ್ ದಿಢೀರನೆ ಇಳಿಯುವವರಿಗೆ, ಗರ್ಭಿಣಿಯರಿಗೆ, ಹುಟ್ಟುಡುಗೆಯ ವಯಸ್ಸಿನಲ್ಲೇ ಕಾಯಿಲೆ ಬಂದ ಮಕ್ಕಳಿಗೆ ಸ್ಟ್ರಿಪ್ ಬೇಕೇ ಬೇಕು. ನಮ್ಮಲ್ಲಿ ನಡೆಯುತ್ತಿರುವುದು ತಿರುಗಮುರುಗ. ಅನುಕೂಲವಿದ್ದವರು ಬೇಡದಿದ್ದರೂ ದಿನಕ್ಕೆ ಎರಡು ಸಲ ನೋಡಿಕೊಳ್ಳುತ್ತಾರೆ, ಬೇಕಾದ ಬಡವನ ಹತ್ತಿರ ಸ್ಟ್ರಿಪ್ ಇರುವುದಿಲ್ಲ. ಯಾವ ದಿನ ಯಾವ ಹೊತ್ತಿನಲ್ಲಿ ನೋಡಬೇಕು ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ನೋಡಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಬರೆದಿಡದ ಪರೀಕ್ಷೆ ಚೆಲ್ಲಿದ ದುಡ್ಡು.

ಯಂತ್ರ ಕೊಳ್ಳುವಾಗ ಯಂತ್ರದ ಬೆಲೆ ಕೇಳಬೇಡಿ, ಸ್ಟ್ರಿಪ್ಪಿನ ಬೆಲೆ ಕೇಳಿ. ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳೊಳಗೆ ಮುಗಿಸಬೇಕು ಎಂದು ಮೇಲೆ ಬರೆದಿರುತ್ತದೆ. ವಾರಕ್ಕೊಮ್ಮೆ ನೋಡುವವರು 50ರ ಡಬ್ಬಿ ತಂದರೆ ಅರ್ಧ ಕೆಟ್ಟುಹೋಗುತ್ತದೆ, 25ರದ್ದು ಸಾಕು. 2025ರ ಸೆಪ್ಟೆಂಬರ್ 22ರಿಂದ ಶುಗರ್ ಯಂತ್ರ ಮತ್ತು ಸ್ಟ್ರಿಪ್ಪುಗಳ ಮೇಲಿನ ಜಿಎಸ್‌ಟಿಯನ್ನು ಶೇಕಡ 12ರಿಂದ 5ಕ್ಕೆ ಇಳಿಸಲಾಗಿದೆ. ನೀವು ಕೊಡುವ ಬೆಲೆಯಲ್ಲಿ ಅದು ಇಳಿದಿದೆಯೇ ಎಂದು ಬಿಲ್ಲು ಕೇಳಿ ನೋಡಿ.

ನಾಲ್ಕನೆಯದು ಸಿರಿಂಜು. ಇಲ್ಲಿ ದುಡ್ಡಿಗಿಂತ ಜೀವದ ಪ್ರಶ್ನೆ ಇದೆ. ಕೆಂಪು ಮುಚ್ಚಳದ ಸಿರಿಂಜು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಗೆ. ಕಿತ್ತಳೆ ಬಣ್ಣದ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ಅಂಗಡಿಯಲ್ಲಿ ಕೆಂಪು ಇಲ್ಲವೆಂದು ಕಿತ್ತಳೆ ತಂದು 40ರ ಬಾಟಲಿಯಿಂದ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ತಿರುಗಿಸಿ 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ, ಪ್ರಾಣಕ್ಕೇ ಅಪಾಯ. ವಿದ್ಯಾರ್ಥಿಗಳೇ, ನಿಮ್ಮ ಗಣಿತದ ಅನುಪಾತದ ಪಾಠ ಇದೇ. ಮನೆಯಲ್ಲಿ ಅಕ್ಷರ ಬಾರದ ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಬಾಟಲಿ ಮತ್ತು ಸಿರಿಂಜು ಎರಡನ್ನೂ ಒಮ್ಮೆ ಓದಿ ನೋಡಿ. ಸಿರಿಂಜು ಒಂದೇ ಸಲ ಬಳಸಬೇಕಾದ ವಸ್ತು. ಕೈಲಾಗದೆ ಮತ್ತೆ ಮತ್ತೆ ಬಳಸುತ್ತಿರುವವರು ಅದನ್ನು ಡಾಕ್ಟರಿಂದ ಮುಚ್ಚಿಡದೆ ಹೇಳಿ ಸಲಹೆ ಪಡೆಯಿರಿ. ಒಬ್ಬರ ಸಿರಿಂಜಾಗಲಿ, ಬೆರಳು ಚುಚ್ಚುವ ಸೂಜಿಯಾಗಲಿ ಇನ್ನೊಬ್ಬರಿಗೆ ಬಳಸಲೇಕೂಡದು, ಗಂಡ ಹೆಂಡತಿಯಾದರೂ ಸರಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ, ತಿಪ್ಪೆಗೆ ಎಸೆಯಬೇಡಿ. ಅಲ್ಲಿ ನಮ್ಮದೇ ಮಕ್ಕಳು ಆಡುತ್ತಾರೆ.

ಐದನೆಯದು ಕೆಟ್ಟುಹೋಗುವ ಇನ್ಸುಲಿನ್. ತೆರೆಯದ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿಸುವ ಖಾನೆಯಲ್ಲಿ ಇಡಬಾರದು. ನಮ್ಮ ಬೇಸಿಗೆ ಎಂಥದ್ದೆಂದು ಎಲ್ಲರಿಗೂ ಗೊತ್ತು. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿ ಬಿಸಿಲಿಗೆ ಕೆಟ್ಟರೆ 170 ರೂಪಾಯಿ ಹೋದದ್ದಷ್ಟೇ ಅಲ್ಲ, ಚುಚ್ಚಿಕೊಂಡರೂ ಕೆಲಸ ಮಾಡುವುದಿಲ್ಲ. ಇಂಥವರಿಗೆ ನಮ್ಮ ಮಣ್ಣಿನ ಮಡಕೆಯೇ ಆಧಾರ. ಒಂದು ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕಿ, ಒಳಗಿನ ಮಡಕೆಯಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಬೇಕು. ಅಂಥವರು ತಿಂಗಳಿಗಾಗುವಷ್ಟನ್ನೇ ತರಬೇಕು, ಹೆಚ್ಚು ತಂದಿಡಬಾರದು.

ಆರನೆಯದು ಮೋಸದ ಔಷಧಿ. 'ಸಕ್ಕರೆ ಕಾಯಿಲೆ 40 ದಿನದಲ್ಲಿ ಸಂಪೂರ್ಣ ಗುಣ' ಎಂದು ವಾಟ್ಸಾಪ್‌ನಲ್ಲಿ, ಸಂತೆಯಲ್ಲಿ ಪುಡಿ ಮಾರುವವರಿದ್ದಾರೆ. ಇಂಥ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಿಂದಲೇ ಇದೆ, ಆ ಕಾನೂನಿನ ಪಟ್ಟಿಯಲ್ಲಿ ಮಧುಮೇಹದ ಹೆಸರೂ ಇದೆ. ಸ್ಟ್ರಿಪ್ಪಿಗೆ ದುಡ್ಡಿಲ್ಲ ಎನ್ನುವ ಮನೆಯಲ್ಲೇ ಸಾವಿರ ರೂಪಾಯಿಯ ಪುಡಿ ಡಬ್ಬಿ ಇರುವುದನ್ನು ನಾನು ಕಂಡಿದ್ದೇನೆ. ಆ ಪುಡಿಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ದೊಡ್ಡವರು ಹಾಸಿಗೆ ಹಿಡಿಯುತ್ತಾರೆ, ಟೈಪ್ 1 ಇರುವ ಮಕ್ಕಳು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಸಿಲುಕುತ್ತಾರೆ.

ರಂಜಾನ್ ತಿಂಗಳ ಬಗ್ಗೆಯೂ ಒಂದು ಮಾತು. ರೋಜಾ ಮುರಿಯುತ್ತದೆಂದು ಹಗಲಿನಲ್ಲಿ ಶುಗರ್ ನೋಡಿಕೊಳ್ಳದವರಿದ್ದಾರೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ ಎಂಬುದೇ ಬಹುಪಾಲು ಉಲೇಮಾಗಳ ಅಭಿಪ್ರಾಯ. ರೋಗಿಗೆ ರೋಜಾದಿಂದ ವಿನಾಯಿತಿಯನ್ನು ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ರಂಜಾನ್‌ಗೆ ಒಂದೆರಡು ತಿಂಗಳು ಮುಂಚೆಯೇ ಡಾಕ್ಟರನ್ನು ಕಂಡು, ಇಮಾಮ್ ಸಾಹೇಬರ ಹತ್ತಿರವೂ ಕೇಳಿ ನಿರ್ಧರಿಸಬೇಕು.

ಈಗ ಆ ಹುಡುಗಿಯ ಹಾಳೆಗೆ ಬರೋಣ. ಇನ್ಸುಲಿನ್ ಮತ್ತು ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಿತು ಎಂದುಕೊಳ್ಳಿ, 460 ರೂಪಾಯಿ ಉಳಿಯಿತು. ತೋರಿಸುವುದೂ ಅಲ್ಲೇ ಆದರೆ 300ರ ಜಾಗದಲ್ಲಿ 100 ಸಾಕು. ಆಗ ಖರ್ಚು 1,240ಕ್ಕೆ ಇಳಿಯಿತು. ಉಳಿದದ್ದು ಬಸ್ ಚಾರ್ಜು, ಸಿರಿಂಜು, ಸ್ಟ್ರಿಪ್, ಸೂಜಿ. ಇದರಲ್ಲಿ ಸ್ಟ್ರಿಪ್ ಮತ್ತು ಸೂಜಿಯ 660 ರೂಪಾಯಿಯನ್ನು ಅವರು ಕಡಿಯಬಾರದು, ಕಡಿದರೆ ಮುಂದೆ ಹತ್ತು ಪಟ್ಟು ತೆರಬೇಕಾಗುತ್ತದೆ. ಸರ್ಕಾರದಿಂದ ಸಾಮಾನ್ಯವಾಗಿ ಮನೆಗೆ ಬರದ, ಬಡವನ ಕೈಗೂ ಎಟುಕದ ಈ ಜಾಗದಲ್ಲಿ ನಮ್ಮಂಥ ಸಂಸ್ಥೆ ನಿಲ್ಲಬೇಕು.

ಇದು ಶಿಕ್ಷಣ ಸಂಸ್ಥೆಯ ಕೆಲಸವೇ ಎಂದು ಕೇಳುವವರಿಗೆ ಒಂದು ಉದಾಹರಣೆ. ಬೆಂಗಳೂರಿನಲ್ಲಿ 1966ರಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ವೃತ್ತಿಯಿಂದ ವೈದ್ಯರು. 2021ರಲ್ಲಿ ತೀರಿಕೊಳ್ಳುವವರೆಗೂ ಶಾಲೆ ಕಾಲೇಜುಗಳಿಗಾಗಿ ದುಡಿದರು. ವೈದ್ಯರೊಬ್ಬರು ಶಾಲೆ ಕಟ್ಟಬಹುದಾದರೆ ಶಾಲೆಯವರು ರೋಗಿಯ ಮನೆಯ ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ.

ನಾನು ಸಂಸ್ಥೆಯ ಮುಂದೆ ಮೂರು ಬೇಡಿಕೆ ಇಡುತ್ತೇನೆ.

ಒಂದು, ನಮ್ಮ ವಿದ್ಯಾರ್ಥಿವೇತನದ ಅರ್ಜಿ. ಅದರಲ್ಲಿ ತಂದೆಯ ವಾರ್ಷಿಕ ಆದಾಯ ಕೇಳುತ್ತೇವೆ, ಅಂಕಪಟ್ಟಿ ಕೇಳುತ್ತೇವೆ. ಮನೆಯಲ್ಲಿ ದೀರ್ಘಕಾಲದ ಕಾಯಿಲೆ ಯಾರಿಗಾದರೂ ಇದೆಯೇ, ತಿಂಗಳಿಗೆ ಔಷಧಿ ಸಾಮಾನಿಗೆ ಎಷ್ಟು ಖರ್ಚು ಎಂದು ಕೇಳುವುದಿಲ್ಲ. ಒಂದೇ ಆದಾಯದ ಎರಡು ಮನೆಗಳಲ್ಲಿ ಒಂದರಲ್ಲಿ ತಿಂಗಳಿಗೆ 1,900 ರೂಪಾಯಿ ಮೆಡಿಕಲ್ ಶಾಪಿಗೆ ಹೋಗುತ್ತಿದ್ದರೆ ಆ ಎರಡು ಮನೆಗಳ ಬಡತನ ಒಂದೇ ಅಲ್ಲ. ಮುಂದಿನ ವರ್ಷದ ಅರ್ಜಿಯಲ್ಲಿ ಈ ಒಂದು ಸಾಲು ಸೇರಿಸಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಎರಡು, ಸ್ಟ್ರಿಪ್ ನಿಧಿ. ಇನ್ಸುಲಿನ್ ತೆಗೆದುಕೊಳ್ಳುವ, ಓದುವ ಮಕ್ಕಳಿರುವ ಹತ್ತು ಬಡ ಕುಟುಂಬಗಳನ್ನು ಮೊದಲು ಆರಿಸೋಣ. ಎಲ್ಲರಿಗೂ ಒಂದೇ ಮಾದರಿಯ ಯಂತ್ರ ಕೊಟ್ಟು ಸ್ಟ್ರಿಪ್ಪನ್ನು ಒಟ್ಟಿಗೆ ಸಗಟಾಗಿ ತರಿಸೋಣ. ಚಿಲ್ಲರೆ ಬೆಲೆಯಲ್ಲೇ ಲೆಕ್ಕ ಹಾಕಿದರೂ ಹತ್ತು ಮನೆಗೆ ತಿಂಗಳಿಗೆ 6,600, ವರ್ಷಕ್ಕೆ 79,200 ರೂಪಾಯಿ. ನಮ್ಮ ಒಂದು ಮದುವೆಯಲ್ಲಿ ಬಿರಿಯಾನಿಯ ಮೇಲೆ ಬಡಿಸುವ ಮೀಠಾ ಮತ್ತು ಶಾಮಿಯಾನಾದ ಖರ್ಚು ಎಷ್ಟೆಂದು ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಜಕಾತಿನ ಹಕ್ಕುದಾರರಲ್ಲಿ ಮೊದಲ ಹೆಸರೇ ಬಡವರದು ಮತ್ತು ನಿರ್ಗತಿಕರದು. ಯಾವ ಮನೆಗೆ ಜಕಾತಿನಿಂದ ಕೊಡಬಹುದು, ಯಾವುದಕ್ಕೆ ಸದಕಾದಿಂದ ಕೊಡಬೇಕು ಎಂಬುದನ್ನು ನಮ್ಮ ಉಲೇಮಾಗಳು ಹೇಳಲಿ. ಕಾಯಿಲೆಗೆ ಜಾತಿ ಧರ್ಮವಿಲ್ಲ, ಸದಕಾದ ಭಾಗದಿಂದ ನೆರೆಮನೆಯ ಹಿಂದೂ ಬಾಂಧವರಿಗೂ ಕೊಡೋಣ. ಸ್ಟ್ರಿಪ್ ಪಡೆದವರು ಬರೆದಿಟ್ಟ ಪುಸ್ತಕವನ್ನು ತಿಂಗಳಿಗೊಮ್ಮೆ ನಮ್ಮ ಪಿಯುಸಿ ವಿದ್ಯಾರ್ಥಿಗಳು ನೋಡಿ, ಏರುಪೇರು ಕಂಡರೆ ಆಸ್ಪತ್ರೆಗೆ ಹೋಗಲು ನೆನಪಿಸಲಿ.

ಮೂರು, ನಮ್ಮ ಶಾಲೆಗಳು. ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಸಿಬಿಎಸ್‌ಇ ಮಂಡಳಿ 2017ರಲ್ಲಿ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ತಿನ್ನುವ ಪದಾರ್ಥ ಒಯ್ಯಲು ಅನುಮತಿ ಕೊಟ್ಟಿತು. ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಶಿಕ್ಷಕರು ತಿಳಿದಿರಬೇಕಾದದ್ದು ಇಷ್ಟು. ಇಂಥ ಮಗು ಬೆವರಿ, ನಡುಗಿ, ಮಾತು ತೊದಲಿದರೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನಾಗಲಿ ಗ್ಲೂಕೋಸನ್ನಾಗಲಿ ನೀರಿನಲ್ಲಿ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಪ್ರತಿ ಶಾಲೆಯ ಕಛೇರಿಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇರಲಿ.

ಬಂಧುಗಳೇ, ನಮ್ಮ ನಿಧಿ ಆ 660 ರೂಪಾಯಿ ಹೊತ್ತರೆ ಆ ಹುಡುಗಿಯ ಮನೆಯ ಖರ್ಚು 1,900ರಿಂದ 580ಕ್ಕೆ ಬರುತ್ತದೆ. ತಿಂಗಳಿಗೆ 1,320, ವರ್ಷಕ್ಕೆ 15,840 ರೂಪಾಯಿ ಆ ಮನೆಯಲ್ಲೇ ಉಳಿಯುತ್ತದೆ. ಒಂದು ಹೆಣ್ಣುಮಗುವಿನ ಕಾಲೇಜಿನ ಫೀಸು, ಪುಸ್ತಕ, ಬಸ್ ಪಾಸಿನ ದೊಡ್ಡ ಪಾಲು ಇದರಲ್ಲಿ ಬಂತು. ತಂದೆಯ ಕಾಲೂ ಉಳಿಯಿತು, ಮಗಳ ಓದೂ ಉಳಿಯಿತು. ಅವಳ ಒಂದು ವರ್ಷ ಈಗಾಗಲೇ ಹೋಗಿದೆ. ಮುಂದಿನ ಜೂನ್ ತಿಂಗಳ ದಾಖಲಾತಿಯೊಳಗೆ ನಾವು ಏನಾದರೂ ಮಾಡಿದರೆ ಅದೊಂದೇ ವರ್ಷಕ್ಕೆ ನಿಲ್ಲುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮನೆಗೆಲಸ. ಇಂದು ಸಂಜೆ ನಿಮ್ಮ ಮನೆಯಲ್ಲಿ ಶುಗರ್ ಇರುವವರ ಚೀಟಿ ತೆಗೆದು, ನಾನು ಹೇಳಿದ ರೀತಿ ತಿಂಗಳ ಲೆಕ್ಕ ಬರೆಯಿರಿ. ಯಾವುದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಯಾವುದರ ಬೆಲೆ ಇಳಿಸಬಹುದು, ಯಾವುದನ್ನು ಬಿಡಲೇಬಾರದು ಎಂದು ಗುರುತು ಹಾಕಿ. ಆ ಹಾಳೆಯನ್ನು ನಿಮ್ಮ ತರಗತಿಯ ಶಿಕ್ಷಕರಿಗೆ ತಂದುಕೊಡಿ. ಅದೇ ನಮ್ಮ ನಿಧಿಯ ಮೊದಲ ದಾಖಲೆಯಾಗಲಿ.

 ಅಲ್ಲಾಹನು ರೋಗಿಗಳಿಗೆ ಶಿಫಾ ಕೊಡಲಿ, ನಮಗೆ ಅವರ ನೆರವಿಗೆ ನಿಲ್ಲುವ ತೌಫೀಕ್ ಕೊಡಲಿ. ಆಮೀನ್. ಖುದಾ ಹಾಫಿಜ್.